ಪಿ.ಟಿ. ಪಿರಿಯಡ್‌ನ ಪ್ರೇರಣೆ ಅಳೆಯುವ ಪಿಎಲ್‌ಒಸಿ: 20 ಸಾಲು ಚೆನ್ನಾಗಿವೆ, ಕೊನೆಯ ಲೆಕ್ಕ ಬೇಡ

ದೈಹಿಕ ಶಿಕ್ಷಣ ತರಗತಿಯಲ್ಲಿ ಮಕ್ಕಳ ಪ್ರೇರಣೆ ಅಳೆಯಲು ಹೊರಟವರಿಗೆ ಬೇಗ ಕಣ್ಣಿಗೆ ಬೀಳುವುದು ಪಿಎಲ್‌ಒಸಿ (ಪರ್ಸೀವ್ಡ್ ಲೋಕಸ್ ಆಫ್ ಕಾಸಾಲಿಟಿ, ಅಂದರೆ ತಾನು ಭಾಗವಹಿಸಲು ಕಾರಣ ಒಳಗಿನದೋ ಹೊರಗಿನದೋ ಎಂಬ ಅನಿಸಿಕೆ) ಪ್ರಶ್ನಾವಳಿ. 1994ರಲ್ಲಿ ಗೌಡಾಸ್, ಬಿಡಲ್, ಫಾಕ್ಸ್ ರೂಪಿಸಿದ್ದು. ಬೇರು ಮನೋವಿಜ್ಞಾನಿಗಳಾದ ಡೆಸಿ ಮತ್ತು ರಯಾನ್ ಅವರ ಸ್ವನಿರ್ಧಾರ ಸಿದ್ಧಾಂತದಲ್ಲಿದೆ: ಪ್ರೇರಣೆ ಎಷ್ಟಿದೆ ಎಂಬುದಷ್ಟೇ ಅಲ್ಲ, ಅದು ಎಷ್ಟು ಸ್ವಂತದ್ದು ಎಂಬುದೂ ಮುಖ್ಯ ಎನ್ನುತ್ತದೆ ಅದು. ಒಟ್ಟು 20 ಹೇಳಿಕೆಯ ಸಾಲು, ಎಷ್ಟು ಒಪ್ಪುತ್ತೀರಿ ಎಂದು ಪ್ರತಿಯೊಂದಕ್ಕೂ 1ರಿಂದ 7 ಅಂಕ. ಆಟದ ಖುಷಿ, ಉಪಯೋಗದ ಅರಿವು, ಒಳಗಿನ ಅಳುಕು, ಹೊರಗಿನ ಒತ್ತಡ, ನಿರಾಸಕ್ತಿ ಎಂಬ ಐದು ಗುಂಪು, ಗುಂಪಿಗೆ ನಾಲ್ಕು ಸಾಲು.

ಕನ್ನಡಕ್ಕೆ ತರುವವರು ಮೊದಲು ಎಡವುವುದು ಆರಂಭದ ವಾಕ್ಯದಲ್ಲೇ. ‘ನಾನು ಪಿ.ಟಿ. ಕ್ಲಾಸಿನಲ್ಲಿ ಭಾಗವಹಿಸುತ್ತೇನೆ’ ಎಂದಷ್ಟೇ ಇಡಬೇಕು. ಅಲ್ಲೇ ‘ಯಾಕೆಂದರೆ’ ಸೇರಿಸಿದರೆ ‘ಆದರೆ ಯಾಕೆ ಅಂತ ನನಗೇ ಗೊತ್ತಿಲ್ಲ’ ಎಂಬಂಥ ನಿರಾಸಕ್ತಿಯ ಸಾಲುಗಳು ಅಂಟುವುದಿಲ್ಲ. ಮಕ್ಕಳು ಗೊಂದಲದಲ್ಲಿ ನಡುವಿನ 4ಕ್ಕೆ ಗುರುತು ಹಾಕಿ ಮುಂದೆ ಹೋಗುತ್ತಾರೆ.

ದೊಡ್ಡ ತಕರಾರು ಅಂಕ ಕೂಡಿಸುವ ರೂಢಿಯ ಮೇಲೆ. ಖುಷಿಯ ಸರಾಸರಿಯನ್ನು ಎರಡರಿಂದ ಗುಣಿಸಿ, ಅರಿವಿನದನ್ನು ಕೂಡಿಸಿ, ಅಳುಕಿನದನ್ನು ಕಳೆದು, ಒತ್ತಡದ ಎರಡರಷ್ಟನ್ನು ಕಳೆಯುತ್ತಾರೆ. ಉತ್ತರ −18ರಿಂದ +18ರೊಳಗೆ. ನೋಡಲು ಅಚ್ಚುಕಟ್ಟು. ಆದರೆ ಎಲ್ಲಕ್ಕೂ 7 ಕೊಟ್ಟವಳಿಗೂ ಸೊನ್ನೆ, ಎಲ್ಲಕ್ಕೂ 1 ಕೊಟ್ಟವನಿಗೂ ಸೊನ್ನೆ! ಒಬ್ಬಳಿಗೆ ಆಟ ಇಷ್ಟ, ಮೇಷ್ಟ್ರ ಭಯವೂ ಇದೆ. ಇನ್ನೊಬ್ಬನಿಗೆ ಎರಡೂ ಇಲ್ಲ. ನಿರಾಸಕ್ತಿಯಂತೂ ಈ ಸೂತ್ರದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಐದು ಸರಾಸರಿಗಳನ್ನು ಪಕ್ಕಪಕ್ಕ ಇಟ್ಟು ಓದುವುದೇ ಮೇಲು.

ಪ್ರೇರಣೆ ಕಡಿಮೆ ಎಂದು ಪಿಎಲ್‌ಒಸಿ ಹೇಳುತ್ತದೆ, ಯಾಕೆ ಕಡಿಮೆಯಾಯಿತು ಎಂದು ಹೇಳುವುದಿಲ್ಲ. ಅದಕ್ಕೆ ಜೊತೆಗೊಂದು ಬೇಕು: ವ್ಲಾಹೊಪೌಲೊಸ್ ಮತ್ತು ಮಿಖೈಲಿಡೌ 2006ರಲ್ಲಿ ಗ್ರೀಸ್‌ನಲ್ಲಿ ರೂಪಿಸಿದ 12 ಸಾಲಿನ ಬಿಪಿಎನ್‌ಇಎಸ್, ಮನಸ್ಸಿನ ಮೂಲ ಅಗತ್ಯಗಳು ಎಷ್ಟು ಈಡೇರಿವೆ ಎಂದು ಕೇಳುವ ಪ್ರಶ್ನಾವಳಿ. ಸ್ವಾಯತ್ತತೆ, ಸಾಮರ್ಥ್ಯ, ಒಡನಾಟ, ತಲಾ ನಾಲ್ಕು ಸಾಲು. ಮೂಲದಲ್ಲಿ ಅದು ವ್ಯಾಯಾಮ ಮಾಡುವವರಿಗಾಗಿ. ಶಾಲೆಗೆ ಹೊಂದಿಸಿದ ರೂಪ 2011ರಲ್ಲಿ ಬಂತು, ಅದನ್ನೇ ಬಳಸಿ. ಒಂದು ಮಿತಿ ನೆನಪಿರಲಿ: ಅಂಕ ಕಡಿಮೆ ಬಂದರೆ ಅಗತ್ಯ ಈಡೇರಿಲ್ಲ ಎಂದರ್ಥ, ಯಾರೋ ತುಳಿದಿದ್ದಾರೆ ಎಂದಲ್ಲ. ಹಂಗಿಸುವುದು, ತಂಡ ಆರಿಸುವಾಗ ಕೊನೆಗುಳಿಸುವುದು, ಇವನ್ನು ಹಿಡಿಯಲು ಹತಾಶೆಯನ್ನು ಬೇರೆಯಾಗಿ ಕೇಳುವ ಸಾಲುಗಳೇ ಬೇಕು.

ಹಾಳೆ ಹಂಚುವಾಗ ಪಿ.ಟಿ. ಮೇಷ್ಟ್ರು ಅಲ್ಲಿರಬಾರದು, ಹೆಸರು ಬರೆಸಬಾರದು. ಓಟದ ಪರೀಕ್ಷೆ ಮುಗಿದ ದಿನವೂ ಬೇಡ, ಸೋತವರು ಸಾಮರ್ಥ್ಯದ ಸಾಲುಗಳಿಗೆ ಆ ದಿನದ ಸಿಟ್ಟನ್ನೇ ಬರೆಯುತ್ತಾರೆ. ಪ್ರತಿ ಗುಂಪಿನ ಕ್ರೋನ್‌ಬಾಕ್ ಆಲ್ಫಾ (ಒಂದೇ ಗುಂಪಿನ ಸಾಲುಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.70ಕ್ಕಿಂತ ಕೆಳಗಿಳಿದರೆ ಸರಾಸರಿ ತೆಗೆಯುವ ಮೊದಲು ಸಾಲುಗಳ ಭಾಷೆಯನ್ನೇ ಪರೀಕ್ಷಿಸಿ.