ಫ್ಯಾನ್ಸಿ ಸ್ಟೋರಿನ ಅಗ್ಗದ ಹೈಲೈಟರ್: ವರ್ಷ ಬಳಸಿದ ಮೇಲೆ ಅನಿಸಿದ್ದು

ಕೆನ್ನೆ ಹೊಳೆಯಲಿ ಅಂತ ಸಾವಿರಗಟ್ಟಲೆ ಸುರಿಯಬೇಕಾಗಿಲ್ಲ. ಮಂಗಳೂರಿನ ಒಂದು ಫ್ಯಾನ್ಸಿ ಸ್ಟೋರಿನಲ್ಲಿ 250 ರೂಪಾಯಿಯೊಳಗೆ ಸಿಕ್ಕ ಪೌಡರ್ ಹೈಲೈಟರನ್ನು ವರ್ಷದ ಮೇಲಾಯಿತು, ಹಚ್ಚುತ್ತಿದ್ದೇನೆ. ಆಫೀಸಿಗೂ ಆಗುತ್ತದೆ, ಮದುವೆ ಊಟಕ್ಕೂ ಆಗುತ್ತದೆ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಹೆಸರಿಗಿಂತ ಶೇಡ್ ನೋಡಿ ತೆಗೆದುಕೊಳ್ಳುವುದೇ ಮುಖ್ಯ.

ಅಂಗಡಿಯವರು ಮೊದಲು ಮುಂದಿಟ್ಟದ್ದು ಬೆಳ್ಳಿ ಬಿಳಿ ಶೇಡ್. "ಇದೇ ಜಾಸ್ತಿ ಹೋಗೋದು ಮೇಡಂ" ಅಂದರು. ನನ್ನದು ಗೋಧಿ ಬಣ್ಣ. ಮುಂಗೈ ಮೇಲೆ ಬಿಳಿ, ಗುಲಾಬಿ, ಶಾಂಪೇನ್ (ತಿಳಿ ಹೊಂಬಣ್ಣ) ಮೂರನ್ನೂ ಒಂದೊಂದು ಗೆರೆ ತೀಡಿಕೊಂಡು ಅಂಗಡಿಯಿಂದ ಹೊರಗೆ ಬಂದು ಬಿಸಿಲಿನಲ್ಲಿ ನೋಡಿದೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಮೂರೂ ಚೆನ್ನಾಗಿಯೇ ಇದ್ದವು. ಬಿಸಿಲಿಗೆ ಬಂದ ಕೂಡಲೇ ಬಿಳಿಯದು ವಿಭೂತಿ ಎಳೆದ ಹಾಗೆ ಎದ್ದು ಕಂಡಿತು. ಶಾಂಪೇನ್ ಗೆರೆ ಎಲ್ಲಿದೆ ಅಂತ ಹುಡುಕಬೇಕಾಯಿತು. ಕೈ ಸ್ವಲ್ಪ ತಿರುಗಿಸಿದರೆ ಮಾತ್ರ ಮಿಂಚು. ನಮ್ಮ ಬಣ್ಣದವರಿಗೆ ಬೇಕಾದ್ದು ಅದೇ ಅಲ್ವಾ? ಇನ್ನೂ ಕಪ್ಪಗಿರುವವರು ಬಂಗಾರ ಅಥವಾ ತಾಮ್ರದ ಬಣ್ಣದ್ದು ನೋಡಿ.

ಇಷ್ಟು ಅಗ್ಗದ್ದರಲ್ಲಿ ಏನಿರುತ್ತದೋ ಅಂತ ಭಯ ಬೇಡ, ಡಬ್ಬಿಯ ಹಿಂಭಾಗ ಓದಿ. ಹೊಳಪು ಬರುವುದು ಮೈಕಾದಿಂದ, ಅಂದರೆ ಕಾಗೆಬಂಗಾರದಿಂದ. ಅದರ ತೆಳು ಪದರಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್ ಲೇಪಿಸಿರುತ್ತಾರೆ, ಬಣ್ಣಕ್ಕೆ ಐರನ್ ಆಕ್ಸೈಡ್ ಸೇರಿಸುತ್ತಾರೆ. ಸಿಐ (ಕಲರ್ ಇಂಡೆಕ್ಸ್, ಅಂದರೆ ಬಣ್ಣದ ಪದಾರ್ಥಗಳಿಗೆ ಕೊಟ್ಟ ನಂಬರು) 77019, 77891, 77491 ಅಂತ ಸಣ್ಣಕ್ಷರದಲ್ಲಿ ಇರುವುದು ಇವೇ. ದುಬಾರಿ ಪೌಡರ್ ಹೈಲೈಟರ್‌ಗಳ ಹಿಂದೆಯೂ ಸಾಮಾನ್ಯವಾಗಿ ಇದೇ ನಂಬರುಗಳು. ಕಣ ಎಷ್ಟು ಸಣ್ಣದು ಅನ್ನುವುದರಲ್ಲಿ ವ್ಯತ್ಯಾಸ ಕಾಣುತ್ತದೆ. ಸಣ್ಣ ಕಣ ಇದ್ದರೆ ಚರ್ಮವೇ ಹೊಳೆದ ಹಾಗಿರುತ್ತದೆ. ದೊಡ್ಡದಾದರೆ ಚಮಕಿ ಉದುರಿದ ಹಾಗೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಎರಡು ಬೆರಳಿನ ನಡುವೆ ಉಜ್ಜಿ ನೋಡಿದರೆ ತಿಳಿಯುತ್ತದೆ, ಮರಳು ತಾಗಿದ ಹಾಗೆ ಅನಿಸಿದರೆ ವಾಪಸ್ ಇಟ್ಟುಬಿಡಿ. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, 'ಯೂಸ್ ಬಿಫೋರ್' ತಾರೀಕು ಇಲ್ಲದ ಡಬ್ಬಿಯನ್ನಂತೂ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಇನ್ನು ಬಾಳಿಕೆ. ಮಂಗಳೂರಿನ ಸೆಕೆಗೆ ಏನು ಹಚ್ಚಿದರೂ ಮಧ್ಯಾಹ್ನಕ್ಕೆ ಇಳಿಯುತ್ತದೆ, ಇದೂ ಅಷ್ಟೇ. ಎಸಿ ಇರುವ ಕಡೆ ಸಂಜೆವರೆಗೆ ಮಂದವಾಗಿ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಾನು ಹಚ್ಚುವುದೇ ಇಲ್ಲ, ಬೆವರೇ ಬೇಕಾದಷ್ಟು ಹೊಳೆಯುತ್ತದೆ! ಸ್ಕೂಟರಿನವರಿಗೆ ಇನ್ನೊಂದು ತೊಂದರೆ ಇದೆ. ಹೆಲ್ಮೆಟ್ಟಿನ ಕೆನ್ನೆ ಭಾಗದ ಮೆತ್ತೆ ಸರಿಯಾಗಿ ನಾವು ಹಚ್ಚಿದ ಜಾಗಕ್ಕೇ ಒತ್ತುತ್ತದೆ. ನನ್ನ ಹೆಲ್ಮೆಟ್ಟಿನ ಒಳಗಿನ ಕಪ್ಪು ಬಟ್ಟೆ ಈಗ ನನಗಿಂತ ಜಾಸ್ತಿ ಮಿನುಗುತ್ತದೆ. ಆಫೀಸ್ ತಲುಪಿದ ಮೇಲೆ ಹಚ್ಚಿಕೊಳ್ಳುವುದೇ ವಾಸಿ.

ಹಚ್ಚುವಾಗ ಕೈ ಹಿಡಿತದಲ್ಲಿರಲಿ. ಬ್ರಷ್ಷಿನ ತುದಿಗೆ ತಾಗಿಸಿ, ಒಮ್ಮೆ ಕೊಡವಿ, ಕೆನ್ನೆಯ ಮೂಳೆಯ ಮೇಲ್ಭಾಗಕ್ಕೆ ಮಾತ್ರ. ಮೂಗಿನ ತುದಿಗೆ ಹಚ್ಚುವ ರೀಲ್ಸ್ ಮರೆತುಬಿಡಿ. ಎಣ್ಣೆ ಚರ್ಮದವರಿಗೆ ಅದು ಸುಮ್ನೆ ಜಿಡ್ಡಿನ ಹಾಗೆ ಕಾಣುತ್ತದೆ. "ಎಂತದು ಮಾರಾಯ್ತಿ, ತಲೆಗೆ ಹಚ್ಚಿದ ಎಣ್ಣೆ ಮುಖಕ್ಕೆ ಇಳಿದಿದೆಯಾ?" ಅಂತ ಕೇಳುವವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. ಮೊಡವೆಯ ಗುಳಿ ಇರುವ ಜಾಗಕ್ಕೂ ಬೇಡ. ಬೆಳಕು ಗುಳಿಯ ಅಂಚಿಗೆ ಬಿದ್ದು ಇಲ್ಲದ ಆಳ ತೋರಿಸುತ್ತದೆ.

ಕೆಲವು ತಿಂಗಳ ನಂತರ ಬ್ರಷ್ಷಿಗೆ ಪೌಡರ್ ಹತ್ತುವುದೇ ನಿಂತುಹೋಯಿತು. ಮೇಲೆ ಗಟ್ಟಿ ಹೊಪ್ಪಳೆ, ನಡುವೆ ಕಪ್ಪಗೆ ನುಣುಪಾದ ಒಂದು ಕಲೆ. ಇದು ಕೆಟ್ಟು ಹೋದದ್ದಲ್ಲ. ಮುಖದ ಎಣ್ಣೆ ಬ್ರಷ್ಷಿನ ಮೂಲಕ ಪೌಡರಿಗೆ ಇಳಿದು ಹೀಗಾಗುತ್ತದೆ. ಸೆಲ್ಲೋಟೇಪಿನ ತುಂಡನ್ನು ಮೆಲ್ಲಗೆ ಅಂಟಿಸಿ ಕಿತ್ತೆ. ಹೊಪ್ಪಳೆಯೆಲ್ಲ ಟೇಪಿಗೆ ಬಂತು, ಕೆಳಗೆ ಹೊಸದರಂತೆ ಮೆದು ಪೌಡರ್. ಜೋರಾಗಿ ಒತ್ತಬೇಡಿ, ಒಳಗಿನ ಬಿಲ್ಲೆ ಒಡೆದೀತು. ಬ್ರಷ್ಷನ್ನು ಆಗಾಗ ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿದರೆ ಈ ರಗಳೆ ಕಡಿಮೆ.

ಡಬ್ಬಿ ಮಾತ್ರ ಲಟಾರಿ. ಮುಚ್ಚಳದ ಕೀಲು ಬೇಗನೆ ಸಡಿಲವಾಯಿತು. ಈಗ ರಬ್ಬರ್ ಬ್ಯಾಂಡ್ ಹಾಕಿ ಬ್ಯಾಗಿಗೆ ಹಾಕಿಕೊಳ್ಳುತ್ತೇನೆ. ಕನ್ನಡಿ ಇಲ್ಲ, ಜೊತೆಗೆ ಬಂದ ಸ್ಪಂಜು ಯಾವ ಕೆಲಸಕ್ಕೂ ಬಾರದು. ಪೌಡರ್ ಮಾತ್ರ ಇನ್ನೂ ಅರ್ಧದಷ್ಟಿದೆ. ಮುಗಿಯುವುದರೊಳಗೆ ತಾರೀಕೇ ದಾಟುವ ಹಾಗೆ ಕಾಣುತ್ತದೆ. ಮುಂದಿನ ಸಲವೂ ಇದೇ ಶೇಡ್ ತರುತ್ತೇನೆ, ಆದರೆ ಇದಕ್ಕಿಂತ ಸಣ್ಣ ಡಬ್ಬಿ ಸಿಕ್ಕರೆ ಅದನ್ನೇ.