ನೈಮೇಗನ್ ಪ್ರಶ್ನಾವಳಿಯ ಕನ್ನಡ ಹಾಳೆ: ಐದಕ್ಕೆ ಮೂರು ಸ್ಟಾರ್

ಅಸ್ತಮಾದವರು ಉಸಿರಾಟದ ಫಿಸಿಯೋಥೆರಪಿಗೆ ಹೋದರೆ ಎಷ್ಟೋ ಕಡೆ ಮೊದಲು ಕೈಗೆ ಬರುವುದು ನೈಮೇಗನ್ ಪ್ರಶ್ನಾವಳಿಯ ಹಾಳೆಯೇ. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ್ದು. ತಲೆಸುತ್ತು, ಎದೆ ಬಿಗಿತ, ಬೆರಳು ಜುಮ್ಮೆನ್ನುವುದು, ಹೊಟ್ಟೆ ಉಬ್ಬರ, ಕೈಕಾಲು ತಣ್ಣಗಾಗುವುದು ಅಂತ 16 ತೊಂದರೆಗಳಿವೆ. ಒಂದೊಂದೂ ಎಷ್ಟು ಸಲ ಆಗುತ್ತದೆ ಅನ್ನುವುದರ ಮೇಲೆ 0ಯಿಂದ 4ರವರೆಗೆ ಅಂಕ, ಒಟ್ಟು 64. 23 ದಾಟಿದರೆ ಉಸಿರಾಡುವ ರೀತಿಯೇ ಹದ ತಪ್ಪಿರಬಹುದು ಅಂತ ಅನುಮಾನ.

ಮಷೀನ್ ಬೇಡ, ಒಂದು ಪೆನ್ನು ಸಾಕು. ಉಪಯೋಗವೂ ಇದೆ. ಇನ್‌ಹೇಲರ್ ಸರಿಯಾಗಿ ಎಳೆಯುತ್ತಾರೆ, ಊದಿಸಿ ನೋಡಿದರೆ ಶ್ವಾಸಕೋಶ ಚೆನ್ನಾಗಿದೆ, ಆದರೂ ಉಸಿರು ಸಾಲುತ್ತಿಲ್ಲ ಅನ್ನುವವರು ಎಷ್ಟು ಜನ ಇಲ್ಲ ಹೇಳಿ! ಅಂಥವರಿಗೆ ಸುಮ್ನೆ ಡೋಸ್ ಏರಿಸುವ ಮೊದಲು ಇದನ್ನು ತುಂಬಿಸಬೇಕು. 2001ರ ಬ್ರಿಟಿಷ್ ಅಧ್ಯಯನದಲ್ಲಿ ಅಸ್ತಮಾಗೆ ಔಷಧಿ ತೆಗೆದುಕೊಳ್ಳುತ್ತಿದ್ದ ವಯಸ್ಕರಲ್ಲಿ ಸುಮಾರು 29% ಜನರ ಅಂಕ ಜಾಸ್ತಿ ಬಂದಿತ್ತು. ಅದರಲ್ಲೂ ಹೆಂಗಸರದ್ದೇ ಹೆಚ್ಚು.

ನನ್ನ ತಕರಾರು ಕನ್ನಡ ಹಾಳೆಯ ಮೇಲೆ. ನಾನು ಹೋಗುವ ಕ್ಲಿನಿಕ್‌ನಲ್ಲಿ ಯಾರೋ ಕೂತು ಕನ್ನಡಕ್ಕೆ ಇಳಿಸಿದ್ದಾರೆ, ಅಷ್ಟೆ. 'ಬಾಯಿಯ ಸುತ್ತ ಬಿಗಿ' ಅಂತ ಒಂದು ಸಾಲು. ಪಕ್ಕದಲ್ಲಿದ್ದ ಅಜ್ಜಿ ಕೇಳಿದರು, "ಹಲ್ಲಿನ ಸೆಟ್ ಬಿಗಿಯಾಗಿದೆ ಕಣಮ್ಮ, ಅದಕ್ಕೆ ಟಿಕ್ ಹಾಕ್ಲಾ?" ಹಾಕಿಯೂಬಿಟ್ಟರು. ಅಲ್ಲಿಗೆ ನಾಲ್ಕು ಅಂಕ! 'ಅಪರೂಪಕ್ಕೆ', 'ಕೆಲವೊಮ್ಮೆ' ಎರಡೂ ಒಂದೇ ಅಲ್ವಾ ಅಂತ ಇನ್ನೊಬ್ಬರ ಪ್ರಶ್ನೆ.

ಹೀಗಾಗಬಾರದು ಅಂದರೆ ಈ ಕನ್ನಡ ಹಾಳೆಯನ್ನು ಮೂಲ ನೋಡದವರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಬೇಕು, ರೋಗಿಗಳ ಹತ್ತಿರ ಓದಿಸಿ ಏನು ಅರ್ಥವಾಯಿತು ಅಂತ ಕೇಳಬೇಕು, ಸ್ವಲ್ಪ ದಿನ ಬಿಟ್ಟು ಅವರಿಂದಲೇ ಮತ್ತೆ ತುಂಬಿಸಿ ಅಂಕ ಹೊಂದುತ್ತದಾ ನೋಡಬೇಕು, ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆದು ತಾಳೆ ಹಾಕಬೇಕು. ಗ್ರೀಸ್‌ನಲ್ಲಿ ಅಸ್ತಮಾ ರೋಗಿಗಳ ಮೇಲೆಯೇ ಪರೀಕ್ಷೆ ಮಾಡಿದಾಗ ಗೆರೆ 23ರಿಂದ 17ಕ್ಕೆ ಇಳಿಯಿತು. ಹಾಗಿರುವಾಗ ಕನ್ನಡದಲ್ಲಿ 23 ಅಂತ ಕಣ್ಣುಮುಚ್ಚಿ ಹೇಳುವುದು ಹೇಗೆ?

ಇನ್ನೊಂದು ತೊಡಕು, ಎದೆ ಬಿಗಿತ, ಏದುಸಿರು ಇವೆಲ್ಲ ಅಸ್ತಮಾದ್ದೂ ಹೌದು. ಅಸ್ತಮಾ ಹತೋಟಿಯಲ್ಲಿಲ್ಲದಿದ್ದರೂ ಅಂಕ ಏರುತ್ತದೆ. ಅದಕ್ಕೇ ಜೊತೆಗೆ ಎಸಿಟಿಯನ್ನೂ (ಅಸ್ತಮಾ ಕಂಟ್ರೋಲ್ ಟೆಸ್ಟ್, ಅಸ್ತಮಾ ಎಷ್ಟು ಹತೋಟಿಯಲ್ಲಿದೆ ಅಂತ ನೋಡುವ ಹಾಳೆ) ಕೇಳಿ ತುಂಬಿ. ಐದೇ ಪ್ರಶ್ನೆ, 25 ಅಂಕ. 19 ಅಥವಾ ಕಡಿಮೆ ಬಂದರೆ ಮೊದಲು ಅಸ್ತಮಾ ನೋಡಿಸಿಕೊಳ್ಳಿ.

ಹಾಳೆಯನ್ನು ಮನೆಗೆ ತಂದು ಒಬ್ಬರೇ ತುಂಬಬೇಡಿ, ಫಿಸಿಯೋ ಎದುರು ಕೂತು ಒಂದೊಂದೇ ಕೇಳಿಸಿಕೊಂಡು ತುಂಬಿ. ಅಂಕ ಎಷ್ಟೇ ಬರಲಿ, ಡಾಕ್ಟರನ್ನು ಕೇಳದೆ ಇನ್‌ಹೇಲರ್ ನಿಲ್ಲಿಸಬೇಡಿ.