ಮೂರು ಜೊಹ್ಟೊ, ಒಂದು ವಾಚ್ ಸೆಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಾರ್ಟ್‌ಗೋಲ್ಡ್‌ಗೆ. ಪೊಕೆಮಾನ್ ಅಂದರೆ ವಿಚಿತ್ರ ಪ್ರಾಣಿಗಳನ್ನು ಹಿಡಿದು ಕಾಳಗಕ್ಕೆ ಬಿಡುವ ನಿಂಟೆಂಡೊ ವಿಡಿಯೋ ಗೇಮ್, ಆ ಪ್ರಾಣಿಗಳ ಹೆಸರೂ ಪೊಕೆಮಾನೇ. ಅದರ ಸಿಲ್ವರ್, ಕ್ರಿಸ್ಟಲ್, ಹಾರ್ಟ್‌ಗೋಲ್ಡ್ ಮೂರರಲ್ಲೂ ಸೀಮೆ ಅದೇ ಜೊಹ್ಟೊ, ಕಥೆಯೂ ಹೆಚ್ಚುಕಡಿಮೆ ಅದೇ. ಮೂರನ್ನೂ ಸೆಕೆಂಡ್ ಹ್ಯಾಂಡ್ ಕೊಂಡೆ. ಬೇರೆ ದಾರಿ ಇರಲಿಲ್ಲ. ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಯಂತ್ರ 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಸಿಲ್ವರ್, ಕ್ರಿಸ್ಟಲ್ ಸಿಗುತ್ತಿದ್ದವು, ಅದು 2023ರ ಮಾರ್ಚ್‌ನಲ್ಲಿ ಮುಚ್ಚಿತು.

ಕೈ ಸುಟ್ಟುಕೊಂಡಿದ್ದು ಕ್ರಿಸ್ಟಲ್‌ನಲ್ಲಿ.

ಸಿಲ್ವರ್ ಮತ್ತು ಅದರ ಜೋಡಿ ಆಟ ಗೋಲ್ಡ್ ಜಪಾನಿನಲ್ಲಿ ಬಂದಿದ್ದು 1999ರಲ್ಲಿ. ಮರುವರ್ಷ ಬಂದ ಕ್ರಿಸ್ಟಲ್‌ನಲ್ಲಿ ಕಾಳಗ ಶುರುವಾದ ಕೂಡಲೇ ಪೊಕೆಮಾನ್‌ಗಳು ಮೈ ಕೊಡವಿ ಕುಣಿಯುತ್ತವೆ. ಹುಡುಗಿಯಾಗಿಯೂ ಆಡಬಹುದು. ಇದಕ್ಕೇ ಮರುಳಾಗಿ ಸಿಲ್ವರ್‌ಗಿಂತ ಜಾಸ್ತಿ ದುಡ್ಡು ಕೊಟ್ಟೆ. ನನಗೆ ಬೇಕಾಗಿದ್ದು ಮಾತ್ರ ಒಂದೇ, ಮರೀಪ್, ಆ ಮಿಂಚಿನ ಕುರಿ. ಸಿಲ್ವರ್‌ನಲ್ಲಿ ಅದು ರೂಟ್ 32ರ ಹುಲ್ಲಲ್ಲೇ ಸಿಗುತ್ತದೆ. ಕ್ರಿಸ್ಟಲ್‌ನಲ್ಲಿ ಎರಡು ರಾತ್ರಿ ಅದೇ ಹುಲ್ಲು ತುಳಿದೆ. ಆಮೇಲೆ ಗೊತ್ತಾಯಿತು, ಈ ಆವೃತ್ತಿಯಲ್ಲಿ ಮರೀಪ್ ಹಿಡಿಯಲು ಸಿಗುವುದೇ ಇಲ್ಲ. ಕುರಿ ಆದವನು ನಾನು.

ಅದನ್ನೂ ನುಂಗಿಕೊಂಡು ಹನ್ನೊಂದನೇ ಬ್ಯಾಡ್ಜ್‌ವರೆಗೆ ಹೋದೆ (ಜಿಮ್ ಅನ್ನುವ ಕಾಳಗದ ಅಖಾಡ ಒಂದೊಂದು ಗೆದ್ದಾಗಲೂ ಒಂದು ಬ್ಯಾಡ್ಜ್). ಒಂದು ಭಾನುವಾರ ಆನ್ ಮಾಡಿದರೆ ‘ಕಂಟಿನ್ಯೂ’ ಇಲ್ಲ. ಬರೀ ‘ನ್ಯೂ ಗೇಮ್’. ಆಟ ತುಂಬಿರುವ ಪುಟ್ಟ ಡಬ್ಬಿ, ಅಂದರೆ ಕಾರ್ಟ್ರಿಡ್ಜ್, ತೆಗೆದು ಊದಿ ಹಾಕಿದೆ, ಉಜ್ಜಿ ಹಾಕಿದೆ. ಊಹೂಂ.

ಆಗಿದ್ದಿಷ್ಟು. ಈ ಹಳೇ ಕಾರ್ಟ್ರಿಡ್ಜ್‌ಗಳ ಒಳಗೆ ಸಿಆರ್2025 ಅನ್ನುವ ವಾಚ್ ಸೆಲ್ ಇರುತ್ತದೆ. ನಮ್ಮ ಆಟವನ್ನು ನೆನಪಿನಲ್ಲಿಡುವುದು ಅದರ ಕರೆಂಟು. ಆಟದೊಳಗಿನ ಗಡಿಯಾರ ಓಡುವುದೂ ಅದರಿಂದಲೇ. ಲಾಪ್ರಾಸ್ ಅನ್ನುವ ಪೊಕೆಮಾನ್ ಶುಕ್ರವಾರವೇ ಗುಹೆಗೆ ಬರಬೇಕು, ಹೂಟ್‌ಹೂಟ್ ಅನ್ನುವುದು ರಾತ್ರಿಯೇ ಕೂಗಬೇಕು. ಹಾಗಾಗಿ ಆ ಗಡಿಯಾರ ಹಗಲೂ ರಾತ್ರಿ ಸೆಲ್ ಹೀರುತ್ತಲೇ ಇರುತ್ತದೆ. ಸೆಲ್ ಸತ್ತರೆ ಎಲ್ಲ ಖಾಲಿ.

ರಿಪೇರಿ ಇನ್ನೊಂದು ಗೋಳು. ಕಾರ್ಟ್ರಿಡ್ಜ್‌ನ ಸ್ಕ್ರೂ ಮಾಮೂಲಿ ಸ್ಕ್ರೂಡ್ರೈವರ್‌ಗೆ ಬಗ್ಗುವುದಿಲ್ಲ, 3.8 ಮಿ.ಮೀ.ನ ಬೇರೆಯೇ ಬಿಟ್ ಬೇಕು. ತರಿಸಿಕೊಂಡು ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಆ ಹುಡುಗ ಬೆಸುಗೆ ಹಾಕಲು ಕಾಲಿಲ್ಲದ ಸೆಲ್ಲನ್ನೇ ಕೂರಿಸಿ ಮೇಲೆ ಟೇಪ್ ಸುತ್ತಿ, "ಏನೂ ಆಗಲ್ಲ ಸಾರ್" ಅಂದ. ಮೂರು ದಿನ ಬಸ್ಸಿನಲ್ಲಿ ಕುಲುಕಾಡಿದ್ದಕ್ಕೇ ಸೆಲ್ ಸಡಿಲವಾಗಿ ಆಟ ಮತ್ತೆ ಮಾಯ! ಕೊನೆಗೆ ಎರಡೂ ಕಡೆ ತಗಡಿನ ಕಾಲು ಇರುವ ಸೆಲ್ ತರಿಸಿ, ಎದುರಿಗೇ ನಿಂತು ಬೆಸುಗೆ ಹಾಕಿಸಿದೆ.

ಸಿಲ್ವರ್‌ಗೂ ಇದೇ ಗಂಡಾಂತರ ಉಂಟು. ಅದಕ್ಕೆ ಹೊಸ ಸೆಲ್ ಹಾಕಿಸಿಯೇ ಶುರು ಮಾಡಿದೆ, ಇನ್ನೂ ತಂಟೆ ಕೊಟ್ಟಿಲ್ಲ. ಮೂರರಲ್ಲಿ ಅಗ್ಗದ್ದು ಇದೇ. ಕಪ್ಪುಬಿಳುಪಿನ ಹಳೇ ಗೇಮ್ ಬಾಯ್‌ನಲ್ಲೂ ಓಡುತ್ತದೆ, ಕ್ರಿಸ್ಟಲ್ ಓಡುವುದಿಲ್ಲ. ಆದರೆ ನಾನು ಆಡುವುದು ರಾತ್ರಿ ಊಟ ಆದ ಮೇಲೆ, ಹಾಸಿಗೆಯಲ್ಲಿ. ಇವೆರಡನ್ನೂ ಆಡುವ ನನ್ನ ಗೇಮ್ ಬಾಯ್ ಕಲರ್‌ನ ಪರದೆಗೆ ಬೆಳಕೇ ಇಲ್ಲ. ಟ್ಯೂಬ್‌ಲೈಟ್ ಹಾಕಿದರೆ ಮನೆಯವರಿಂದ ಬೈಗುಳ.

ಹಾರ್ಟ್‌ಗೋಲ್ಡ್‌ನಲ್ಲಿ ಈ ತಲೆನೋವು ಒಂದೂ ಇಲ್ಲ. 2009ರಲ್ಲಿ ನಿಂಟೆಂಡೊ ಡಿಎಸ್‌ಗೆ ಹೊಸದಾಗಿ ಕಟ್ಟಿದ ಗೋಲ್ಡ್ ಇದು. ಗಡಿಯಾರ ಡಿಎಸ್‌ನಲ್ಲೇ ಇದೆ, ಆಟ ಉಳಿಯಲು ಸೆಲ್ ಬೇಡ. ಪರದೆಗೆ ಬೆಳಕಿದೆ. ಮರೀಪ್ ಕೂಡ ಇದೆ, ನನ್ನದರ ಹೆಸರು ‘ಕುರಿ’. ತಂಡದಲ್ಲಿ ಮುಂದಿರುವ ಪೊಕೆಮಾನ್ ಊರೂರು ನಮ್ಮ ಹಿಂದೆಯೇ ನಡೆದು ಬರುತ್ತದೆ. ಕುರಿ ದೊಡ್ಡದಾಗಿ ಆಂಫರೋಸ್ ಆಗಿದೆ, ಈಗಲೂ ತಿರುಗಿ ನೋಡಿ ಎ ಬಟನ್ ಒತ್ತಿ ಮಾತಾಡಿಸುತ್ತೇನೆ.

ಬೆಲೆ ಮಾತ್ರ ಎದೆ ಒಡೆಯುವಂಥದ್ದು. ನಕಲಿಯೂ ಜಾಸ್ತಿ. ಅಸಲಿ ಕಾರ್ಟ್ರಿಡ್ಜನ್ನು ಜೋರು ಬೆಳಕಿಗೆ ಹಿಡಿದರೆ ಕಪ್ಪು ಪ್ಲಾಸ್ಟಿಕ್‌ನಲ್ಲಿ ಕೆಂಪು ಛಾಯೆ ಕಾಣುತ್ತದೆ, ಒಳಗೆ ಇನ್‌ಫ್ರಾರೆಡ್ ಕಿರಣದ ಭಾಗ ಇರುವುದರಿಂದ. ಹೆಜ್ಜೆ ಎಣಿಸುವ ಪೊಕೆವಾಕರ್ ನನಗೆ ಸಿಗಲಿಲ್ಲ. ವಾಕಿಂಗ್ ಅಭ್ಯಾಸವೂ ಇಲ್ಲ ಬಿಡಿ.

ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ಸಿಲ್ವರ್ ತಗೊಳ್ಳಿ, ಸೆಲ್ ಬದಲಾಯಿಸಿಯೇ ಆಡಿ. ಕ್ರಿಸ್ಟಲ್ ಮಾರಿಬಿಡೋಣ ಅಂದುಕೊಂಡಿದ್ದೆ. ಪೊಕೆಮಾನ್ ಕುಣಿಯುವುದನ್ನು ಮಗಳು ನೋಡಿಬಿಟ್ಟಳು. ಈಗ ಮೂರನೇ ಜಿಮ್‌ನ ನಾಯಕಿ ವಿಟ್ನಿಯ ಪೊಕೆಮಾನ್ ಮಿಲ್‌ಟ್ಯಾಂಕ್ ಎದುರು ದಿನಾ ಸೋಲುತ್ತಿದ್ದಾಳೆ.